ತೋಟದ ಮನೆಗೆ 1 ಕಿಲೋವ್ಯಾಟ್ ಗಾಳಿಯಂತ್ರ, 2.80 ಲಕ್ಷ: ಹಾಕಿದ ದುಡ್ಡು ಹುಟ್ಟುತ್ತಾ?

ಬಾಣಾವರ_ತೆಂಗು

ನಮಸ್ಕಾರ. ಅರಸೀಕೆರೆ ತಾಲ್ಲೂಕು, ಬಾಣಾವರದ ಹತ್ತಿರ ತೋಟದ ಮನೆ. ಕರೆಂಟು ಪಂಪ್‌ಸೆಟ್ ಲೈನಿಂದು. 7 ಗಂಟೆ ತ್ರೀ ಫೇಸ್, ರಾತ್ರಿ ಸಿಂಗಲ್ ಫೇಸ್, ಮಿಕ್ಕ ಹೊತ್ತು ಇಲ್ಲ ಅಂತಲೇ ಲೆಕ್ಕ. ಮನೆ ಮೀಟರಿಗೆ ಗೃಹಜ್ಯೋತಿ ಇದೆ, ಬಿಲ್ ಸೊನ್ನೆ ಬರುತ್ತೆ. ಫ್ರಿಜ್, 2 ಫ್ಯಾನ್, ಟಿವಿ, ವೈಫೈ, 6 ಎಲ್‌ಇಡಿ, ಮಿಕ್ಸಿ ಸೇರಿ ದಿನಕ್ಕೆ ಸುಮಾರು 3.5 ಯೂನಿಟ್ ಬೇಕು.

ಒಬ್ಬ ಡೀಲರ್ ಕೊಟ್ಟಿರುವ ಕೊಟೇಶನ್ ಹೀಗಿದೆ. 1 ಕಿಲೋವ್ಯಾಟ್ ಟರ್ಬೈನ್, 2 ಮೀಟರ್ ವ್ಯಾಸದ 3 ರೆಕ್ಕೆ: 1,10,000. 12 ಮೀಟರ್ ಕಂಬ: 35,000. ಕಂಟ್ರೋಲರ್ ಮತ್ತು 48 ವೋಲ್ಟ್ ಇನ್ವರ್ಟರ್: 45,000. 150 ಎಎಚ್ ಟ್ಯೂಬುಲರ್ ಬ್ಯಾಟರಿ 4: 64,000. ಕೇಬಲ್, ಅರ್ಥಿಂಗ್, ಕೂಲಿ: 26,000. ಒಟ್ಟು 2,80,000. ದಿನಕ್ಕೆ 8 ಯೂನಿಟ್ ಬರುತ್ತೆ, ತಿಂಗಳಿಗೆ 1,800 ರೂಪಾಯಿ ಉಳಿಯುತ್ತೆ ಅಂತಾರೆ.

ಮನೆ ಸುತ್ತ 15 ಮೀಟರ್ ಎತ್ತರದ ತೆಂಗು. ಮನೆಯಿಂದ 90 ಮೀಟರ್ ದೂರದಲ್ಲಿ ನಮ್ಮದೇ ಬೋಳು ದಿಣ್ಣೆ ಇದೆ, ಅದರ ಪಡುವಣಕ್ಕೆ 200 ಮೀಟರ್‌ವರೆಗೆ ಮರ ಇಲ್ಲ. ಆಷಾಢದಲ್ಲಿ ಅಲ್ಲಿ ನಿಂತರೆ ತಲೆ ಮೇಲಿನ ಟವಲ್ ನಿಲ್ಲಲ್ಲ. ಡೀಲರ್ ಮಾತ್ರ ಮನೆ ಪಕ್ಕದಲ್ಲೇ ಸಾಕು ಅಂತಾರೆ. ಈ ಲೆಕ್ಕ ಸರಿ ಇದೆಯಾ? ಇನ್ನೊಂದು, ಮೂಡಿಗೆರೆ ಕಡೆ ನಮ್ಮ ಷಡ್ಡಕರ ಕಾಫಿ ತೋಟಕ್ಕೂ ಇದೇ ಸೆಟ್ ಹಾಕಿಸೋ ಯೋಚನೆ ಇದೆ. ತಿಳಿದವರು ಹೇಳಿ.

ಲೆಕ್ಕದ_ಮೇಷ್ಟ್ರು

1 ಕಿಲೋವ್ಯಾಟ್ ಅನ್ನೋದು ಆ ಯಂತ್ರ ದಿನಾ ಕೊಡುವ ಶಕ್ತಿ ಅಲ್ಲ. ಸೆಕೆಂಡಿಗೆ 11–12 ಮೀಟರ್ ಗಾಳಿ ಬೀಸಿದಾಗ ಕೊಡುವ ಶಕ್ತಿ. ಗಂಟೆಗೆ 40 ಕಿಲೋಮೀಟರ್ ಆಸುಪಾಸಿನ ಗಾಳಿ ಅದು, ದೊಡ್ಡ ಕೊಂಬೆಗಳೇ ಓಲಾಡೋ ಹೊತ್ತಿನದು. ಗಾಳಿಯಲ್ಲಿರುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತೆ. 12 ಮೀಟರ್ ವೇಗಕ್ಕೆ 1,000 ವ್ಯಾಟ್ ಕೊಡೋದು 4 ಮೀಟರ್ ವೇಗಕ್ಕೆ 27ರಲ್ಲಿ ಒಂದು ಪಾಲು, ಅಂದರೆ 37 ವ್ಯಾಟ್ ಕೊಡುತ್ತೆ. ಆಗ ಅದರಿಂದ ನಡೆಯೋದು ಕಡಿಮೆ ಕರೆಂಟ್ ತಿನ್ನುವ ಒಂದು ಬಿಎಲ್‌ಡಿಸಿ ಫ್ಯಾನ್.

ಈಗ ವರ್ಷದ ಲೆಕ್ಕ. ವ್ಯಾಸ 2 ಮೀಟರ್ ಆದರೆ ರೆಕ್ಕೆ ಗುಡಿಸುವ ವಿಸ್ತೀರ್ಣ 3.14 ಚದರ ಮೀಟರ್. ನಿಮ್ಮ ಎತ್ತರದಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.07 ಕಿಲೋ ಹಿಡಿಯಿರಿ, ಸಮುದ್ರಮಟ್ಟದ 1.225 ಅಲ್ಲ. ಸಣ್ಣ ಯಂತ್ರಗಳು ಒಟ್ಟಾರೆ ಗಾಳಿಯ ಶಕ್ತಿಯಲ್ಲಿ 25% ಹಿಡಿದರೆ ಒಳ್ಳೆಯದೇ. ಸರಾಸರಿ 4 ಮೀಟರ್ ಅಂದರೆ ಗಾಳಿ ಸದಾ 4ರಲ್ಲೇ ಬೀಸಲ್ಲ, ಒಮ್ಮೆ 2, ಒಮ್ಮೆ 7. ಘನದ ಲೆಕ್ಕದಲ್ಲಿ ಜೋರು ಗಾಳಿಗೆ ತೂಕ ಹೆಚ್ಚು, ಅದಕ್ಕೆ 1.9ರಿಂದ ಗುಣಿಸಬೇಕು. ಇಷ್ಟನ್ನೂ ಸೇರಿಸಿದರೆ ಬರೋದು:

ವರ್ಷದ ಸರಾಸರಿ 3 ಮೀ/ಸೆ: 190 ಯೂನಿಟ್
4 ಮೀ/ಸೆ: 450 ಯೂನಿಟ್
5 ಮೀ/ಸೆ: 880 ಯೂನಿಟ್
6 ಮೀ/ಸೆ: 1,500 ಯೂನಿಟ್

ಇದು ವರ್ಷಕ್ಕೆ, ತಿಂಗಳಿಗಲ್ಲ. ಬ್ಯಾಟರಿಗೆ ಹೋಗಿ, ಇನ್ವರ್ಟರ್ ದಾಟಿ ಬರುವಷ್ಟರಲ್ಲಿ ಇದರಲ್ಲೂ ಕಾಲು ಭಾಗ ಹೋಗುತ್ತೆ. 450 ಇದ್ದದ್ದು ಬಲ್ಬಿಗೆ ಮುಟ್ಟೋದು 340. ಡೀಲರ್ ಹೇಳಿದ ದಿನಕ್ಕೆ 8 ಯೂನಿಟ್ ಬರಬೇಕಾದರೆ ಈ ರೆಕ್ಕೆಗೆ ವರ್ಷವಿಡೀ ಸರಾಸರಿ 7.5 ಮೀಟರ್ ಗಾಳಿ ಬೇಕು. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಆಳೆತ್ತರ ಅಲ್ಲ, ಎಂಬತ್ತು ನೂರು ಮೀಟರ್ ಎತ್ತರದ ಕಂಬ ನೆಟ್ಟು ಹುಡುಕುವ ಗಾಳಿ ಅದು. 12 ಮೀಟರ್ ಕಂಬಕ್ಕೆ, ತೆಂಗಿನ ಮರೆಯಲ್ಲಿ, ಮರೆತುಬಿಡಿ.

ತೆಂಗಿನ ವಿಷಯವೇ ದೊಡ್ಡದು. ರೆಕ್ಕೆಯ ಕೆಳತುದಿ, 150 ಮೀಟರ್ ಒಳಗಿರುವ ಅತಿ ಎತ್ತರದ ಮರ ಅಥವಾ ಕಟ್ಟಡಕ್ಕಿಂತ 10 ಮೀಟರ್ ಮೇಲಿರಬೇಕು ಅನ್ನೋದು ಎಲ್ಲ ಕಡೆ ಒಪ್ಪಿರುವ ಕನಿಷ್ಠ ಅಳತೆ. 15 ಮೀಟರ್ ತೆಂಗು, ಮೇಲೆ 10, ರೆಕ್ಕೆಯ ಉದ್ದ 1. ಮನೆ ಪಕ್ಕದಲ್ಲಾದರೆ 26 ಮೀಟರ್ ಕಂಬ ಬೇಕು. 12 ಮೀಟರ್ ಕಂಬದಲ್ಲಿ ಯಂತ್ರ ತೆಂಗಿನ ಗರಿಗಿಂತ ಕೆಳಗೆ ಕೂರುತ್ತೆ. ಅಲ್ಲಿ ಗಾಳಿ ಕಡಿಮೆ ಅನ್ನೋದಷ್ಟೇ ಅಲ್ಲ, ಸುಳಿ ಹೆಚ್ಚು. ಯಂತ್ರವನ್ನು ಗಾಳಿಗೆ ತಿರುಗಿಸುವ ಬಾಲ ಅತ್ತಿತ್ತ ತಿರುಗುತ್ತಾ ಇರುತ್ತೆ, ಯಂತ್ರ ಗಾಳಿಗೆ ಮುಖ ಕೊಡುವಷ್ಟರಲ್ಲಿ ಗಾಳಿ ದಿಕ್ಕು ಬದಲಾಗಿರುತ್ತೆ, ಬೇರಿಂಗ್ ಬೇಗ ಹೋಗುತ್ತೆ.

ದಿಣ್ಣೆ ಸರಿಯಾದ ಜಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣ, ನೈಋತ್ಯದಿಂದ. ವರ್ಷದ ಉತ್ಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ನಾಲ್ಕು ತಿಂಗಳಲ್ಲಿ ಬರುತ್ತೆ. ಮೂಡಣದಲ್ಲಿ 90 ಮೀಟರಿಗೆ ತೆಂಗು ಇರೋದರಿಂದ ಚಳಿಗಾಲದ ಗಾಳಿಗೆ ಅಡ್ಡ, ಆದರೆ ಅದು ಹೇಗೂ ಮೆಲ್ಲನೆಯದು. ಅಲ್ಲಿ 18 ಮೀಟರ್ ಕಂಬ ಹಾಕಿ. ಬಯಲಿನಲ್ಲಿ 12ರಿಂದ 18ಕ್ಕೆ ಏರಿಸಿದರೆ ವೇಗ 6% ಹೆಚ್ಚು, ಶಕ್ತಿ 19% ಹೆಚ್ಚು.

ದುಡ್ಡು ಕೊಡುವ ಮೊದಲು ಗಾಳಿ ನಕ್ಷೆ ತೋರಿಸುವ ವೆಬ್‌ಸೈಟ್ ಗ್ಲೋಬಲ್ ವಿಂಡ್ ಅಟ್ಲಾಸ್‌ನಲ್ಲಿ ನಿಮ್ಮ ಜಾಗ ಒತ್ತಿ ನೋಡಿ, ಪುಕ್ಕಟೆ. 10 ಮತ್ತು 50 ಮೀಟರ್ ಎರಡೂ ಎತ್ತರದ ಅಂಕಿ ಕೊಡುತ್ತೆ, ನಿಮ್ಮದು ನಡುವೆ ಎಲ್ಲೋ ಇರುತ್ತೆ. 100 ಮೀಟರಿನ ಅಂಕಿ ನೋಡಿ ಹಿಗ್ಗಬೇಡಿ, ಡೀಲರುಗಳು ತೋರಿಸೋದು ಅದನ್ನೇ. ಆ ಅಟ್ಲಾಸ್‌ಗೆ ನಿಮ್ಮ ತೋಟದ ಒಂದೊಂದು ತೆಂಗೂ ಕಾಣಲ್ಲ, 250 ಮೀಟರ್ ಚೌಕಕ್ಕೆ ಒಂದು ಅಂಕಿ ಅಷ್ಟೆ. ಅಂಕಿ 4ರ ಕೆಳಗಿದ್ದರೆ ಇಲ್ಲಿಗೇ ಬಿಡಿ. 5 ಮುಟ್ಟಿದರೆ ದಿಣ್ಣೆ ಮೇಲೆ 10 ಮೀಟರ್ ಪೈಪಿಗೆ ದಾಖಲೆ ಇಡುವ ಗಾಳಿಮಾಪಕ ಕಟ್ಟಿ ಒಂದು ವರ್ಷ ಅಳೆಯಿರಿ. ಟವಲ್ ಹಾರಿದ್ದು ಆಷಾಢದ್ದು. ಮಾರ್ಚ್, ಅಕ್ಟೋಬರ್‌ನಲ್ಲಿ ಅದೇ ಟವಲ್ ಏನು ಮಾಡುತ್ತೆ ಅನ್ನೋದೂ ಬೇಕು.

ಬಿಲ್_ನೋಡಿ_ಸ್ವಾಮಿ

ಮೇಷ್ಟ್ರು ಯೂನಿಟ್ ಲೆಕ್ಕ ಕೊಟ್ಟಿದ್ದಾರೆ, ನಾನು ರೂಪಾಯಿಗೆ ಬರ್ತೀನಿ.

ಬಿಲ್ ಸೊನ್ನೆ ಅಂತ ನೀವೇ ಬರೆದಿದ್ದೀರಿ. ಸೊನ್ನೆ ಬಿಲ್ಲಿನಲ್ಲಿ ತಿಂಗಳಿಗೆ 1,800 ಉಳಿಸೋದು ಹೇಗೆ ಸ್ವಾಮಿ? ಡೀಲರನ್ನು ಇದೊಂದು ಪ್ರಶ್ನೆ ಕೇಳಿ ನೋಡಿ. ಪಂಪ್‌ಸೆಟ್ 10 ಎಚ್‌ಪಿ ಒಳಗಿದ್ದರೆ ಅದಕ್ಕೂ ಬಿಲ್ ಇಲ್ಲ. ಬಿಲ್ಲಿನ ಕಡೆಯಿಂದ ನಿಮ್ಮ ಉಳಿತಾಯ ಒಂದು ಪೈಸೆಯೂ ಅಲ್ಲ.

ಸರಿ, ಗೃಹಜ್ಯೋತಿ ಇಲ್ಲ ಅಂದುಕೊಳ್ಳೋಣ. 2025ರ ಏಪ್ರಿಲ್‌ನ ದರಪಟ್ಟಿಯಲ್ಲಿ ಮನೆ ಯೂನಿಟ್ಟಿಗೆ 5.80. ಸರ್‌ಚಾರ್ಜು, ತೆರಿಗೆ ಸೇರಿ ಆರೂವರೆ ಅಂತ ಹಿಡಿಯಿರಿ. 340 ಯೂನಿಟ್ಟಿಗೆ ವರ್ಷಕ್ಕೆ 2,210 ರೂಪಾಯಿ. ಅದೇ 2.80 ಲಕ್ಷ ಆರೂವರೆ ಪರ್ಸೆಂಟಿಗೆ ಬ್ಯಾಂಕಿನಲ್ಲಿ ಇಟ್ಟರೆ ವರ್ಷಕ್ಕೆ 18,200 ಬಡ್ಡಿ.

15 ವರ್ಷದ ಪೂರ್ತಿ ಖರ್ಚು ಕೂಡಿಸಿದರೆ: ಮೊದಲ 2.80 ಲಕ್ಷ. ಟ್ಯೂಬುಲರ್ ಬ್ಯಾಟರಿ 5 ವರ್ಷ ಬಾಳಿದರೆ ಇನ್ನೂ ಎರಡು ಸಲ ಬದಲು, 1.28 ಲಕ್ಷ. ವರ್ಷಕ್ಕೊಮ್ಮೆ ಕಂಬ ಇಳಿಸಿ ಹತ್ತಿಸೋದು, ಗ್ರೀಸು, ಬೇರಿಂಗು, ಬೋಲ್ಟು ಅಂತ 6,000, ಒಟ್ಟು 90,000. ಕೂಡಿದರೆ 4.98 ಲಕ್ಷ. ಇದನ್ನು ಬಲ್ಬಿಗೆ ಮುಟ್ಟುವ ಯೂನಿಟ್ಟಿನಿಂದ ಭಾಗಿಸಿ. 4 ಮೀಟರ್ ಗಾಳಿಗೆ ಯೂನಿಟ್ 98 ರೂಪಾಯಿ. 5 ಮೀಟರ್ ಆದರೆ 50. 6 ಸಿಕ್ಕರೂ 29. ನಿಮ್ಮದು ಮೂರನ್ನೂ ದಾಟಿದ ಪುಣ್ಯಭೂಮಿ ಆಗಿದ್ದರೆ ಮಾತ್ರ ಬೇರೆ ಮಾತು.

ಹೋಲಿಸಬೇಕಾದದ್ದು ಸರ್ಕಾರದ ಕರೆಂಟಿನ ಜೊತೆ ಅಲ್ಲ, ಕರೆಂಟ್ ಇಲ್ಲದ ಹೊತ್ತಿನ ಜೊತೆ. ಸಣ್ಣ ಪೆಟ್ರೋಲ್ ಜನರೇಟರ್ ಅರ್ಧ ಲೋಡಿನಲ್ಲಿ ಯೂನಿಟ್ಟಿಗೆ 0.6 ಲೀಟರ್ ಕುಡಿಯುತ್ತೆ. ಪೆಟ್ರೋಲ್ ಲೀಟರಿಗೆ 103 ಅಂತ ಹಿಡಿದರೆ ಯೂನಿಟ್ 60 ರೂಪಾಯಿ. ಇದರ ಎದುರಿಗೆ 29, 50 ಕಡಿಮೆಯೇ ಅನಿಸುತ್ತೆ. ಆದರೆ ಜನರೇಟರ್ ಬೇಕಾದಾಗ ಮಾತ್ರ ಓಡುತ್ತೆ. ಗಾಳಿಯಂತ್ರ ಕರೆಂಟ್ ಇರೋವಾಗ, ಬ್ಯಾಟರಿ ತುಂಬಿರೋವಾಗಲೂ ತಿರುಗುತ್ತೆ. ಆ ಯೂನಿಟ್ಟುಗಳಿಗೆ ಬೆಲೆ ಇಲ್ಲ. ನಿಜವಾಗಿ ಉಪಯೋಗಕ್ಕೆ ಬಂದ ಯೂನಿಟ್ಟಿನ ಮೇಲೆ ಖರ್ಚು ಹಂಚಿದರೆ 50 ಇದ್ದದ್ದು 70 ಆಗೋದು ಕಷ್ಟವಲ್ಲ.

ಸೋಲಾರ್ ಇಟ್ಟು ನೋಡಿ. 540 ವ್ಯಾಟಿನ 2 ಪ್ಯಾನೆಲ್ 30,000, ಸ್ಟ್ಯಾಂಡು, ವೈರು 11,000, ಪ್ಯಾನೆಲ್ಲಿನಿಂದ ಹೆಚ್ಚು ಕರೆಂಟ್ ಹಿಂಡುವ 48 ವೋಲ್ಟ್ ಎಂಪಿಪಿಟಿ ಇನ್ವರ್ಟರ್ 30,000, ಅದೇ ಬ್ಯಾಟರಿ 64,000. ಒಟ್ಟು 1.35 ಲಕ್ಷ. ಬಾಣಾವರದ ಬಿಸಿಲಿಗೆ ದಿನಕ್ಕೆ 4 ಯೂನಿಟ್, ಬ್ಯಾಟರಿ ದಾಟಿ 3. ಎರಡು ಸಲ ಬ್ಯಾಟರಿ, ಒಂದು ಸಲ ಇನ್ವರ್ಟರ್ ಬದಲಿಸಿದರೂ 15 ವರ್ಷಕ್ಕೆ 2.93 ಲಕ್ಷ, ಯೂನಿಟ್ ಸುಮಾರು 18 ರೂಪಾಯಿ. ತಿರುಗುವ ಭಾಗ ಒಂದೂ ಇಲ್ಲ. ಜುಲೈ–ಆಗಸ್ಟ್ ಮೋಡಕ್ಕೆ 2–2.5ಕ್ಕೆ ಇಳಿಯುತ್ತೆ ಅನ್ನೋದು ನಿಜ. ಅದಕ್ಕೆ ಮೂರನೇ ಪ್ಯಾನೆಲ್ ಹಾಕಿ, 15,000 ರೂಪಾಯಿ ಅಷ್ಟೆ. 2.80 ಲಕ್ಷದ ಗಾಳಿಯಂತ್ರದ ಕೆಲಸ ಅದು ಮಾಡುತ್ತೆ.

ಪಿಎಂ ಸೂರ್ಯಘರ್ ಬಗ್ಗೆ ಯಾರಾದರೂ ಹೇಳೇ ಹೇಳ್ತಾರೆ. 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಮೇಲಕ್ಕೆ 78,000 ಸಹಾಯಧನ, ಸೋಲಾರಿಗೆ ಮಾತ್ರ, ಗಾಳಿಗೆ ಇಲ್ಲ. ಅದರಲ್ಲಿ ಹಾಕುವ, ಬ್ಯಾಟರಿ ಇಲ್ಲದೆ ಲೈನಿಗೇ ಜೋಡಿಸುವ ಸಾಮಾನ್ಯ ಆನ್‌ಗ್ರಿಡ್ ಇನ್ವರ್ಟರ್, ಲೈನಿನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲುತ್ತೆ. ಲೈನ್‌ಮನ್ ಜೀವ ಉಳಿಸೋಕೆ ಹಾಗೇ ಮಾಡಿರೋದು. ಹಗಲು ಹೊತ್ತಲ್ಲಿ ಅರ್ಧಕ್ಕರ್ಧ ಕರೆಂಟೇ ಇಲ್ಲದ ಪಂಪ್‌ಸೆಟ್ ಲೈನಿಗೆ ಅದು ಹೊಂದಲ್ಲ.

ಊರೊಳಗೆ ಮನೆ ಇದ್ದು ಇದನ್ನು ಓದುತ್ತಿರೋರಿಗೆ ಒಂದು ಮಾತು. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ತಿಂಗಳಿಗೆ 225 ಸುಡೋ ಮನೆಗೆ 30–40 ಯೂನಿಟ್ ಇಳಿದರೆ ಸಾವಿರದೈನೂರರ ಮೇಲಿನ ಬಿಲ್ ಕರಗಬಹುದು. (2022–23ರ ನಿಮ್ಮ ಸರಾಸರಿ ಮತ್ತು ಅದರ ಮೇಲೆ 10% ಎಷ್ಟಿದೆ ಅನ್ನೋದು ಬಿಲ್ಲಿನಲ್ಲೇ ಇರುತ್ತೆ, ಅದನ್ನು ಮೀರಿದ ಯೂನಿಟ್ಟಿಗೆ ದುಡ್ಡು ಕೊಡಬೇಕು.) ಆ 40 ಯೂನಿಟ್ಟಿಗೆ ತಾರಸಿ ಮೇಲೆ ಗಾಳಿಯಂತ್ರ ಬೇಡ. 75 ವ್ಯಾಟಿನ 4 ಹಳೇ ಫ್ಯಾನ್ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಹಾಕಿ. ದಿನಕ್ಕೆ 10 ಗಂಟೆ ಓಡಿದರೆ ತಿಂಗಳಿಗೆ 54 ಯೂನಿಟ್ ಇಳಿಯುತ್ತೆ, ಖರ್ಚು 12,000.

ಜಿಐ_ಪೈಪ್

ಮೇಲಿನವರಿಬ್ಬರ ಲೆಕ್ಕಕ್ಕೆ ತಕರಾರಿಲ್ಲ. ಆದರೆ ಹಾಕಿಯೇ ತೀರ್ತೀನಿ ಅನ್ನೋರು ಇದ್ದೇ ಇರ್ತಾರೆ, ಅವರಿಗಾಗಿ ಕಂಬ ಮತ್ತು ವೈರಿಂಗ್ ಬಗ್ಗೆ. ಕೊಟೇಶನ್‌ಗಳಲ್ಲಿ ಮೋಸ ಅಡಗೋದು ಟರ್ಬೈನಿನಲ್ಲಿ ಅಲ್ಲ, ಕಂಬ, ಕೇಬಲ್, ಕಂಟ್ರೋಲರಿನಲ್ಲಿ.

ಕಂಬ: ಗಾಳಿ ಹೊರೆಯ ಐಎಸ್ 875 ಸಂಹಿತೆಯಲ್ಲಿ ಬೆಂಗಳೂರು, ಮೈಸೂರಿಗೆ ಮೂಲ ವೇಗ 33 ಮೀ/ಸೆ, ಮಂಗಳೂರಿಗೆ 39. 33ರಲ್ಲಿ ನಿಮ್ಮ 2 ಮೀಟರ್ ರೆಕ್ಕೆ ಮೇಲೆ ಬೀಳುವ ತಳ್ಳು ಸುಮಾರು 180 ಕೆಜಿ. 18 ಮೀಟರ್ ತುದಿಯಲ್ಲಿ ಎರಡು ಮೂರು ಜನ ಜೋತು ಬಿದ್ದು ಪಕ್ಕಕ್ಕೆ ಎಳೆದ ಹಾಗೆ. ಸ್ಟೇ, ಅಂದರೆ ನೆಲಕ್ಕೆ ಎಳೆದು ಕಟ್ಟುವ ತಂತಿ, ಇಲ್ಲದ ಬೆತ್ತಲೆ ಕಂಬ ಯಾವ ಕಾರಣಕ್ಕೂ ಬೇಡ. 4 ಇಂಚಿನ ಬಿ ಕ್ಲಾಸ್ ಜಿಐ ಪೈಪು, 6 ಮೀಟರಿನ 3 ತುಂಡು, ಬರೀ ಪೈಪೇ 220 ಕೆಜಿ ತೂಗುತ್ತೆ. ಪ್ರತಿ 6 ಮೀಟರಿಗೆ ಒಂದು ಹಂತ, ಹಂತಕ್ಕೆ 4 ದಿಕ್ಕಿಗೂ ಸ್ಟೇ ವೈರ್. ಮೇಲಿನ ಹಂತ ರೆಕ್ಕೆಯ ತುದಿಗೆ ತಾಗದಷ್ಟು ಕೆಳಗಿರಲಿ. ಬೋರ್ಡಿನವರು ಕಂಬಕ್ಕೆ ಹಾಕುವ 7/3.15 ಮಿ.ಮೀ. ಜಿಐ ಸ್ಟೇ ವೈರ್ ಸಾಕು. ಆ ವೈರ್ ನೆಲದಲ್ಲಿ ಹಿಡಿಯುವ ಆಂಕರ್ ಕಂಬದ ಬುಡದಿಂದ ಕನಿಷ್ಠ 9 ಮೀಟರ್ ದೂರ, ಎತ್ತರದ ಅರ್ಧ. ಹತ್ತಿರ ತಂದಷ್ಟೂ ವೈರಿನ ಮೇಲೆ ಎಳೆತ ಏರುತ್ತೆ. 9 ಮೀಟರಿನಲ್ಲೇ ಆ 180 ಕೆಜಿ ತಳ್ಳಿಗೆ ಆಂಕರನ್ನು ಮೇಲಕ್ಕೆ ಕೀಳುವ ಬಲ 360 ಕೆಜಿ ದಾಟುತ್ತೆ. 60×60 ಸೆಂಟಿಮೀಟರ್, 90 ಆಳದ ಕಾಂಕ್ರೀಟ್ ಗಟ್ಟಿ 770 ಕೆಜಿ ಬರುತ್ತೆ, ಅದಕ್ಕಿಂತ ಕಡಿಮೆ ಮಾಡಬೇಡಿ. ಮಳೆಗಾಲದಲ್ಲಿ ಮಣ್ಣು ನೆನೆದಾಗಲೇ ಗಾಳಿಯೂ ಜೋರು, ಮಣ್ಣಿನ ಹಿಡಿತ ನಂಬೋ ಹಾಗಿಲ್ಲ.

ವೈರಿನ ತುದಿ ಮಡಚುವ ಕಡೆ ಸವೆಯದಂತೆ ಥಿಂಬಲ್ ಅನ್ನೋ ಲೋಹದ ಬಳೆ, ಮೂರು ಯು ಕ್ಲಾಂಪ್. ಕ್ಲಾಂಪಿನ ಯು ಬೋಲ್ಟ್ ಕೂರಬೇಕಾದ್ದು ಮಡಚಿ ಬಂದ ಬಾಲದ ಕಡೆಗೆ, ತಡಿ ಕೂರಬೇಕಾದ್ದು ಎಳೆತ ಇರುವ ವೈರಿಗೆ. ಹತ್ತರಲ್ಲಿ ಐದು ಕಡೆ ತಿರುಗುಮುರುಗು ಹಾಕಿರ್ತಾರೆ, ಯು ಬೋಲ್ಟ್ ಎಳೆತದ ವೈರನ್ನೇ ಕಚ್ಚಿ ಎಳೆ ಕಡಿಯುತ್ತೆ. ಟರ್ನ್‌ಬಕಲ್ (ವೈರ್ ಬಿಗಿ ಮಾಡುವ ತಿರುಪು) ಬಿಗಿದ ಮೇಲೆ ಅದರ ಹೊಟ್ಟೆಯೊಳಗೆ ತುಂಡು ವೈರ್ ತೂರಿಸಿ ಎರಡೂ ಕಡೆ ಕಟ್ಟಿ. ಇಲ್ಲದಿದ್ದರೆ ನಡುಕಕ್ಕೆ ತಾನಾಗೇ ಬಿಚ್ಚಿಕೊಳ್ಳುತ್ತೆ. ದನ ಮೈ ಉಜ್ಜೋದು ಸ್ಟೇ ವೈರಿಗೇ, ಅದಕ್ಕೆ ಆಂಕರ್ ಸುತ್ತ ಬೇಲಿ.

ಬುಡಕ್ಕೆ ಕೀಲು ಇರಲಿ, ಕಂಬ ಮಲಗಿಸಿ ಎಬ್ಬಿಸುವ ಹಾಗೆ. ಎಬ್ಬಿಸೋಕೆ 9 ಮೀಟರಿನ ಅಡ್ಡ ಪೈಪು, ಕೈ ವಿಂಚು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬೇಡಿ. ಕ್ಲಚ್ ಒಂದು ಸಲ ಎಗರಿದರೆ ಪೈಪ್ ನಡುವೆ ಬಗ್ಗುತ್ತೆ. ಆಮೇಲೆ ಅದನ್ನು ನೇರ ಮಾಡೋಕಾಗಲ್ಲ. ಪಕ್ಕದ ಎರಡು ಸ್ಟೇ ಮೊದಲೇ ಕಟ್ಟಿರಬೇಕು, ಕಂಬ ಮೇಲೇಳುವಾಗ ಪಕ್ಕಕ್ಕೆ ವಾಲದಂತೆ ಹಿಡಿಯೋದು ಅವೇ. ತಾರಸಿ ಮೇಲೆ, ಹೆಂಚಿನ ಮನೆಯ ಗೋಡೆಗೆ ಹಾಕೋ ಐಡಿಯಾ ಇದ್ದರೆ ಬಿಡಿ. ರಾತ್ರಿಯಿಡೀ ಗೋಡೆ ಗುಂಯ್ ಅನ್ನುತ್ತೆ, ಪ್ಯಾರಪೆಟ್ ಬಿರುಕು ಬಿಡುತ್ತೆ.

ಕೇಬಲ್: ದಿಣ್ಣೆಯಿಂದ 90, ಕಂಬ 18, ಒಟ್ಟು 108 ಮೀಟರ್. 48 ವೋಲ್ಟಿಗೆ 1,000 ವ್ಯಾಟ್ ಅಂದರೆ 21 ಆಂಪಿಯರ್. 10 ಚದರ ಮಿ.ಮೀ. ತಾಮ್ರದಲ್ಲಿ 7.8 ವೋಲ್ಟ್ ಇಳಿಯುತ್ತೆ, 16%. ಗಾಬರಿ ಬೇಡ. ಪೂರ್ತಿ ಸಾವಿರ ವ್ಯಾಟ್ ಬರೋದು ವರ್ಷದಲ್ಲಿ ಕೆಲವೇ ಗಂಟೆ. ಸಾಧಾರಣ ಗಾಳಿಯ 200 ವ್ಯಾಟಿಗೆ ನಷ್ಟ 3% ಮಾತ್ರ. ಅದಕ್ಕೆ 25 ಚದರದ ಕೇಬಲ್ಲಿಗೆ ದುಡ್ಡು ಸುರಿಯಬೇಡಿ. 16 ಚದರದ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್ 10ರ ತಾಮ್ರಕ್ಕೆ ಸಮ, ಬೆಲೆ ಅರ್ಧಕ್ಕಿಂತ ಕಡಿಮೆ. ತಾಮ್ರ ಸೇರುವ ಕಡೆ ಎರಡೂ ಲೋಹಕ್ಕೆ ಹೊಂದುವ ಬೈಮೆಟಲ್ ಲಗ್ ಹಾಕಿ, ಬರೀ ಸುತ್ತಿ ಟೇಪ್ ಹೊಡೆದರೆ ಒಂದೇ ಮಳೆಗಾಲಕ್ಕೆ ಹಸಿರುಗಟ್ಟಿ ಸುಡುತ್ತೆ. 24 ವೋಲ್ಟ್ ಸೆಟ್ ಕೊಡ್ತೀನಿ ಅಂದರೆ ಬೇಡ ಅನ್ನಿ, ಅದೇ ಕೇಬಲ್ಲಿನಲ್ಲಿ ನಷ್ಟ ನಾಲ್ಕು ಪಟ್ಟು. ಕೊಟೇಶನ್ನಿನ 26,000ದಲ್ಲಿ ಈ ಕೇಬಲ್, ಗುಂಡಿ, ಅರ್ಥಿಂಗ್, ಕೂಲಿ ಎಲ್ಲ ಮುಗಿಯಲ್ಲ. 50,000 ಇಟ್ಟುಕೊಳ್ಳಿ. 18 ಮೀಟರ್ ಕಂಬಕ್ಕೂ 35,000 ಸಾಲಲ್ಲ, ಪೈಪು, ವೈರು, ಕಾಂಕ್ರೀಟು ಸೇರಿ 60,000 ಆಗುತ್ತೆ. ಅಂದರೆ ಬಿಲ್_ನೋಡಿ_ಸ್ವಾಮಿ ಅವರ 2.80 ಲಕ್ಷ ನಿಜಕ್ಕೂ 3.29 ಲಕ್ಷ.

ಕಂಟ್ರೋಲರ್: ಸೋಲಾರ್ ಪ್ಯಾನೆಲ್ ಬಿಚ್ಚಿಟ್ಟರೆ ಸುಮ್ಮನಿರುತ್ತೆ. ಗಾಳಿಯಂತ್ರಕ್ಕೆ ಲೋಡ್ ತಪ್ಪಿಸಿದರೆ ಹುಚ್ಚು ಹಿಡಿದು ತಿರುಗುತ್ತೆ. 48 ವೋಲ್ಟಿನ ಯಂತ್ರ ನೂರರ ಮೇಲೆ ವೋಲ್ಟ್ ಕಾರುತ್ತೆ, ರೆಕ್ಕೆ ಸಿಡಿಯಬಹುದು. ಹಾಗಾಗಿ ಬ್ಯಾಟರಿ ತುಂಬಿದಾಗ ಹೆಚ್ಚಿನ ಕರೆಂಟನ್ನು ಹೀಟರ್ ಕಾಯಿಲಿಗೆ ತಿರುಗಿಸುವ ಡಂಪ್ ಲೋಡ್ ಇರಲೇಬೇಕು, 1.5 ಕಿಲೋವ್ಯಾಟಿಗೆ ಕಡಿಮೆ ಇಲ್ಲದ್ದು. ಮನೆಯಲ್ಲಿರೋ ಸೋಲಾರ್ ಕಂಟ್ರೋಲರಿಗೆ ಟರ್ಬೈನ್ ಸಿಕ್ಕಿಸಿದವರ ಕಂಟ್ರೋಲರ್ ಸುಟ್ಟಿರೋದು ಇದೇ ಕಾರಣಕ್ಕೆ. ಡಂಪ್ ಲೋಡನ್ನು ನೀರಿನ ಡ್ರಮ್ಮಿಗೆ ಇಳಿಸಿದರೆ ಸ್ನಾನದ ನೀರು ಬೆಚ್ಚಗಾಗುತ್ತೆ, ಆದರೆ ಡ್ರಮ್ ಖಾಲಿಯಾದರೆ ಕಾಯಿಲ್ ಹೋಗುತ್ತೆ, ಕಾಯಿಲ್ ಹೋದರೆ ಲೋಡ್ ಹೋಯ್ತು. ಜೋಡಣೆಯಲ್ಲಿ ಮೊದಲು ಬ್ಯಾಟರಿ, ಆಮೇಲೆ ಟರ್ಬೈನ್. ಬಿಚ್ಚುವಾಗ ಉಲ್ಟಾ. ಕಂಬದ ಬುಡದಲ್ಲಿ ಮೂರೂ ಫೇಸ್ ಶಾರ್ಟ್ ಮಾಡುವ ಬ್ರೇಕ್ ಸ್ವಿಚ್ ಇರಲಿ. ಗಾಳಿ ತಗ್ಗಿದಾಗ ಹಾಕಬೇಕು. ಬಿರುಗಾಳಿಯಲ್ಲಿ ಹಾಕಿದರೆ ನಿಲ್ಲದೆ ವೈಂಡಿಂಗ್ ಸುಡುವುದೂ ಉಂಟು. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟ ದಿನ ಬೆಳಗ್ಗೆಯೇ ಹಾಕಿಬಿಡಿ.

ಏಪ್ರಿಲ್–ಮೇ ಗುಡುಗಿಗೆ ದಿಣ್ಣೆ ಮೇಲಿನ 18 ಮೀಟರ್ ಕಬ್ಬಿಣ ಕರೆದು ಕೂರಿಸಿದ ಹಾಗೆ. ಕಂಬದ ಬುಡಕ್ಕೆ 3 ಮೀಟರಿನ ತಾಮ್ರಲೇಪಿತ ರಾಡ್, ನಾಲ್ಕೂ ಆಂಕರಿಗೆ ಜಿಐ ಪಟ್ಟಿ ಎಳೆದು ಅದಕ್ಕೇ ಜೋಡಣೆ, 5 ಓಮ್ ಒಳಗೆ ಬರಬೇಕು. ಮನೆಗೆ ಕೇಬಲ್ ಒಳಬರುವ ಕಡೆ ಸಿಡಿಲಿನ ವೋಲ್ಟನ್ನು ನೆಲಕ್ಕಿಳಿಸುವ ಸರ್ಜ್ ಅರೆಸ್ಟರ್. ಇಷ್ಟು ಮಾಡಿದರೂ ನೇರ ಸಿಡಿಲಿಗೆ ಗ್ಯಾರಂಟಿ ಇಲ್ಲ, ಡೀಲರ್ ವಾರಂಟಿಯಲ್ಲೂ ಸಿಡಿಲು ಸೇರಿರಲ್ಲ. ಓದಿ ನೋಡಿ.

ಹಳ್ಳದ_ದಂಡೆ

ಮೂಡಿಗೆರೆ ತೋಟದ ಬಗ್ಗೆ ಯಾರೂ ಹೇಳಲಿಲ್ಲ. ಕಾಫಿ ತೋಟದೊಳಗೆ ಗಾಳಿಯಂತ್ರ ಆಗಲ್ಲ ಕಣ್ರೀ. ನೆರಳಿನ ಸಿಲ್ವರ್ ಓಕ್ 25–30 ಮೀಟರ್ ಇರುತ್ತೆ, ಅದರ ಮೇಲೆ 10 ಮೀಟರ್ ಅಂದರೆ ಮೊಬೈಲ್ ಟವರೇ ನಿಲ್ಲಿಸಬೇಕು. ಘಟ್ಟದ ಅಂಚಿನ ಬೋಳು ನೆತ್ತಿಯಲ್ಲಿ ಗಾಳಿ ಇದೆ, ನಿಜ. ಆದರೆ ಅದು ಕಣಿವೆಯಿಂದ ಮೇಲಕ್ಕೆ ಎರಚಿ ಬರುವ ಗಾಳಿ, ನಿಮಿಷಕ್ಕೊಂದು ದಿಕ್ಕು, ಜೊತೆಗೆ ಮೂರು ತಿಂಗಳು ಮಳೆಯ ಹೊಡೆತ. ರೆಕ್ಕೆಯ ಮುಂದಿನ ಅಂಚು ಮಳೆ ಹನಿಗೇ ಸವೆಯುತ್ತೆ. ಆನೆ ಓಡಾಡೋ ದಾರಿಯಾದರೆ ಸ್ಟೇ ವೈರಿಗೆ ಎಷ್ಟು ಬೇಲಿ ಹಾಕ್ತೀರಿ?

ತೋಟದಲ್ಲಿ ಹಳ್ಳ ಇದೆಯಾ ಅಂತ ಷಡ್ಡಕರನ್ನು ಕೇಳಿ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಸೋಲಾರ್ ಮಲಗಿದಾಗ ಎದ್ದು ನಿಲ್ಲೋದು ಹಳ್ಳದ ನೀರಿನಿಂದ ತಿರುಗುವ ಸಣ್ಣ ಯಂತ್ರ. 20 ಲೀಟರಿನ ಬಕೆಟ್ 4 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್. ಮೇಲಿನ ಕಟ್ಟೆಯಿಂದ ಕೆಳಗಿನ ಮನೆವರೆಗೆ ನೇರ ಎತ್ತರದ ಇಳಿತ 20 ಮೀಟರ್ ಇದ್ದರೆ 9.81 × 5 × 20, ಅದರಲ್ಲಿ ಅರ್ಧ ಸಿಕ್ಕಿತು ಅಂದರೂ 490 ವ್ಯಾಟ್. ಹಗಲು ರಾತ್ರಿ ಎನ್ನದೆ, ದಿನಕ್ಕೆ ಸುಮಾರು 12 ಯೂನಿಟ್. ಜೂನ್‌ನಿಂದ ಡಿಸೆಂಬರ್‌ವರೆಗೆ 200 ದಿನ ನೀರು ಇದ್ದರೆ 2,300 ಯೂನಿಟ್ ಮೇಲೆ. ಮೇಷ್ಟ್ರ ಪಟ್ಟಿಯ 6 ಮೀಟರ್ ಗಾಳಿಯೂ ಇಷ್ಟು ಕೊಡಲ್ಲ. ಎತ್ತರ ಅಳೆಯೋಕೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿಯುತ್ತಾ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬನ್ನಿ, ಫೋನಿನ ಆಪ್ ನಂಬಬೇಡಿ, ಹತ್ತು ಮೀಟರ್ ತಪ್ಪು ತೋರಿಸುತ್ತೆ.

ಪೈಪು 4 ಇಂಚಿನದೇ ಇರಲಿ. ಎರಡೂವರೆ ಇಂಚು ಹಾಕಿದರೆ ಅದೇ 5 ಲೀಟರಿಗೆ ನೀರು ಎರಡು ಪಟ್ಟಿಗಿಂತ ಜೋರಾಗಿ ಓಡಿ, ಉಜ್ಜಾಟಕ್ಕೇ ಎತ್ತರ ತಿಂದುಹೋಗುತ್ತೆ. ಕೆಡೋದು ಎರಡೇ ಕಡೆ: ಮೇಲಿನ ಜರಡಿಗೆ ಎಲೆ ಕಟ್ಟೋದು, ನಾಝಲ್‌ಗೆ ಮರಳು. ಕಟ್ಟೆಯಿಂದ ಬಂದ ನೀರು ಮೊದಲು ತೊಟ್ಟಿಗೆ ಬೀಳಲಿ, ಮರಳು ಅಲ್ಲೇ ತಂಗಲಿ. ಶ್ರಾವಣದವರೆಗೂ ದಿನಾ ಬೆಳಗ್ಗೆ ಜರಡಿ ಕೆರೆಯೋ ಆಳು ಬೇಕು, ಈ ಕೂಲಿಯನ್ನು ಯಾರೂ ಕೊಟೇಶನ್ನಿನಲ್ಲಿ ಬರೆಯಲ್ಲ. ಡಂಪ್ ಲೋಡಿನ ಮಾತು ನೀರಿನ ಯಂತ್ರಕ್ಕೂ ಅಷ್ಟೇ ನಿಜ. ಫೆಬ್ರವರಿಯಿಂದ ಮೇವರೆಗೆ ಹಳ್ಳ ಬತ್ತುತ್ತೆ, ಆಗ ಬಿಸಿಲಿದೆ, ಎರಡು ಪ್ಯಾನೆಲ್ ಸಾಕು.

ಬಾಣಾವರ_ತೆಂಗು

ಎಲ್ಲರಿಗೂ ಧನ್ಯವಾದ. ಅಟ್ಲಾಸ್ ನೋಡಿದೆ. ದಿಣ್ಣೆ ಮೇಲೆ 10 ಮೀಟರಿಗೆ 4ರ ಕೆಳಗೆ, 50 ಮೀಟರಿಗೆ 5ರ ಮೇಲೆ ತೋರಿಸ್ತಾ ಇದೆ. 18 ಮೀಟರಿಗೆ ನಾಲ್ಕೂಕಾಲು ಅಂತ ಹಿಡಿದರೂ ಮೇಷ್ಟ್ರ ಲೆಕ್ಕಕ್ಕೆ ಸರಿ ಹೋಗುತ್ತೆ. ಸದ್ಯ ಮೂರು ಪ್ಯಾನೆಲ್ ಹಾಕಿಸ್ತೀನಿ. ಆನ್‌ಲೈನಿನಲ್ಲಿ ನಿಂತ ಕೋಳಿಮೊಟ್ಟೆ ಥರದ ಯಂತ್ರ, 3,000 ವ್ಯಾಟ್, 28,000 ರೂಪಾಯಿ ಅಂತ ಬರ್ತಿದೆ, ಕಂಬವೂ ಬೇಡವಂತೆ. ಅದು ಹೇಗೆ? ಮುಂದೆ ಯಾವಾಗಲಾದರೂ ಗಾಳಿ ಸೇರಿಸೋಕೆ ಈಗ ಏನು ಬಿಟ್ಟುಕೊಂಡಿರಬೇಕು?

ಲೆಕ್ಕದ_ಮೇಷ್ಟ್ರು

ಆ ಜಾಹೀರಾತಿನ ಅಳತೆ ನೋಡಿ. ಸಾಮಾನ್ಯವಾಗಿ 60 ಸೆಂಟಿಮೀಟರ್ ಅಗಲ, 1 ಮೀಟರ್ ಎತ್ತರ ಇರುತ್ತೆ. 0.6 ಚದರ ಮೀಟರ್. 12 ಮೀಟರ್ ವೇಗದ ಜೋರು ಗಾಳಿಯಲ್ಲಿ ಅಷ್ಟು ಜಾಗದ ಮೂಲಕ ಹಾಯುವ ಗಾಳಿಯ ಒಟ್ಟು ಶಕ್ತಿಯೇ 555 ವ್ಯಾಟ್. ಯಾವ ಯಂತ್ರವೂ ಅದರಲ್ಲಿ 59.3%ಗಿಂತ ಹೆಚ್ಚು ಹಿಡಿಯಲಾಗದು ಅಂತ 1919ರಲ್ಲೇ ಜರ್ಮನಿಯ ಆಲ್ಬರ್ಟ್ ಬೆಟ್ಜ್ ತೋರಿಸಿದ್ದಾರೆ. ಅಂದರೆ 330 ವ್ಯಾಟ್. 3,000 ಎಲ್ಲಿಂದ ಬರುತ್ತೆ? 4 ಮೀಟರ್ ಗಾಳಿಗೆ ಆ ಮೊಟ್ಟೆ ಕೊಡೋದು ಸುಮಾರು 3 ವ್ಯಾಟ್. ಹಳೇ ಕೀಪ್ಯಾಡ್ ಫೋನ್ ಚಾರ್ಜ್ ಮಾಡಬಹುದು.

ಜಿಐ_ಪೈಪ್

ಮುಂದಕ್ಕೆ ಬಿಟ್ಟುಕೊಳ್ಳೋದು ಹೆಚ್ಚೇನಿಲ್ಲ. ಇನ್ವರ್ಟರ್ 12 ಅಥವಾ 24 ವೋಲ್ಟಿನದು ತಗೋಬೇಡಿ, 48ರದ್ದೇ ತಗೊಳ್ಳಿ. ಗಾಳಿಯನ್ನು ಇನ್ವರ್ಟರಿನ ಪ್ಯಾನೆಲ್ ಟರ್ಮಿನಲ್ಲಿಗೆ ಕೊಡೋದಲ್ಲ. ಅದಕ್ಕೆ ಅದರದ್ದೇ ಕಂಟ್ರೋಲರ್, ಅದರಿಂದ ನೇರ ಬ್ಯಾಟರಿಗೆ. ಹಾಗಾಗಿ ಬ್ಯಾಟರಿ ಪ್ಲಸ್, ಮೈನಸ್‌ಗೆ ಈಗಲೇ ಎರಡು ದಪ್ಪ ಲೋಹದ ಪಟ್ಟಿ, ಅಂದರೆ ಬಸ್‌ಬಾರ್ ಹಾಕಿಸಿ, ಒಂದೊಂದರಲ್ಲಿ ಎರಡು ಬೋಲ್ಟು ಖಾಲಿ ಬಿಡಿಸಿ, ಗೋಡೆಯಲ್ಲಿ ಒಂದು ಅಡಿ ಜಾಗ ಉಳಿಸಿ. ಲಿಥಿಯಂ ಬ್ಯಾಟರಿ ಹಾಕೋ ಯೋಚನೆ ಇದ್ದರೆ ಒಂದು ತೊಡಕಿದೆ: ತುಂಬಿದಾಗ ಅದನ್ನು ಕಾಯುವ ಬಿಎಂಎಸ್ ಸರ್ಕ್ಯೂಟ್ ತಟ್ಟನೆ ಸಂಪರ್ಕ ಕಡಿಯುತ್ತೆ, ಟರ್ಬೈನ್ ಆ ಕ್ಷಣಕ್ಕೆ ಲೋಡ್ ಇಲ್ಲದೆ ಓಡುತ್ತೆ. ಡಂಪ್ ಲೋಡ್ ಬಿಎಂಎಸ್ ಕಡಿಯುವ ವೋಲ್ಟಿಗಿಂತ ಒಂದು ವೋಲ್ಟ್ ಮೊದಲೇ ಶುರುವಾಗುವ ಹಾಗೆ ಸೆಟ್ ಮಾಡಿಸಬೇಕಾಗುತ್ತೆ. ಪ್ಯಾನೆಲ್ ಸ್ಟ್ಯಾಂಡಿಗೆ ಗುಂಡಿ ತೋಡುವಾಗ ದಿಣ್ಣೆ ಕಡೆಗೆ ಒಂದು ಎರಡಿಂಚಿನ ಖಾಲಿ ಎಚ್‌ಡಿಪಿಇ ಪೈಪ್ ಹೂತು, ಒಳಗೆ ನೈಲಾನ್ ಹಗ್ಗ ಎಳೆದಿಡಿ. ಎರಡೂ ಬಾಯಿ ಮುಚ್ಚಿ, ಇಲ್ಲದಿದ್ದರೆ ಇಲಿ ಗೂಡು ಕಟ್ಟುತ್ತೆ.